ಆನ್ ಆರ್ಬರಿನ ವಿದ್ಯಾರ್ಥಿಯೂ ನಮ್ಮ ವಾರಾನ್ನದ ಹುಡುಗನೂ



ಅಮೆರಿಕದ ವಿದ್ಯಾಪೀಠಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನಮಗೆ ಅಪ್ಪಣೆಯಾಗಿದೆ. ಅಮೆರಿಕವೆಂದೊಡನೆ ನಮ್ಮ ಜನರ ಕಣ್ಣ ಮುಂದೆ ಮುಗಿಲು ಮುಟ್ಟುವ ಮಾಳಿಗೆಗಳೂ ಕೋಟ್ಯಧೀಶರ ವೈಭವವೂ ಬಂದು ನಿಲ್ಲುವುವು. ಅವುಗಳ ವರ್ಣನೆಗೆ ನಾವು ಕೈ ಹಾಕುವುದಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿ ಓದುತ್ತಿದ್ದ ಒಬ್ಬ ಸಾಧಾರಣ ವಿದ್ಯಾರ್ಥಿಯು ಬೆಳಗಿನಲ್ಲಿ ಎಷ್ಟು ಹೊತ್ತಿಗೆ ಏಳುತ್ತಿದ್ದನು, ಎಲ್ಲಿ ಮಲಗುತ್ತಿದ್ದನು, ಎಲ್ಲಿ ಉಣ್ಣುತ್ತಿದ್ದನು, ಆ ಊಟದ ಹಣ ಎಲ್ಲಿಂದ ಬರುತ್ತಿತ್ತು ಎಂಬಿಷ್ಟನ್ನೇ ಮುಖ್ಯವಾಗಿ ಹೇಳಬೇಕೆಂದಿರುವೆವು. ಊಟದ ಮಾತು ಕ್ಷುಲ್ಲಕವೆಂದು ಯಾರೂ ಭಾವಿಸಬಾರದು. ನಮ್ಮ ಸೀಮೆಯಲ್ಲಿ ಬುದ್ಧಿವಂತರಾದ ಎಷ್ಟೋ ಹುಡುಗರ ಓದು ಅನ್ನವಿಲ್ಲದೆ ನಿಂತುಹೋಯಿತೆಂಬುದನ್ನು ಉಪಾಧ್ಯಾಯರಾದ ತಮಗೆ ನಾವು ತಿಳಿಸಬೇಕಾದುದಿಲ್ಲ.

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರುಗಳೆಂಬ ಈ ನಾಲ್ಕು ಊರಿನವರ ಮುಂದೆ ಈ ವಿಷಯವನ್ನೆತ್ತುವುದಕ್ಕೆ ಒಂದು ಕಾರಣವುಂಟು. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಹೊನ್ನಾಳಿ, ಚನ್ನಗಿರಿಗಳು ಮೈಸೂರು ಸಂಸ್ಥಾನದ ಶಿವಮೊಗ್ಗೆ ಜಿಲ್ಲೆಗೂ, ಜಗಳೂರು ಅದೇ ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುವು. ನ್ಯಾಮತಿಯು ಹೊನ್ನಾಳಿ ತಾಲ್ಲೂಕಿನ ಒಂದು ಪೇಟೆಯೂರಾಗಿತ್ತು. ತಾನೇ ತಾಲ್ಲೂಕಾದುದು ಈಚೆಗೆ. ಹೊನ್ನಾಳಿ ತಾಲ್ಲೂಕಿನ ಎಲ್ಲೆ ದಾಟಿದರೆ ರಾಣೇಬೆನ್ನೂರು, ಹಿರೇಕೆರೂರು. ಅದು ಮುಂಬಯಿ ಇಲಾಖೆ. ಜಗಳೂರಿನ ಎಲ್ಲೆ ದಾಟಿದರೆ ಹರಪನಹಳ್ಳಿ, ಕೂಡ್ಲಿಗಿ. ಅದು ಮದರಾಸು ಇಲಾಖೆ. ಸಂತೆ ಒಂದು, ಜಾತ್ರೆ ಒಂದು, ಹೆಣ್ಣು ಕೊಟ್ಟು ತರುವ ಮನೆತನಗಳೂ ಒಂದೇ. ಆದರೂ ಮಗನನ್ನು ಉಚ್ಚ ಶಿಕ್ಷಣಕ್ಕೆ ಕಳುಹಿಸಬೇಕಾದಾಗ ಒಬ್ಬ ತಂದೆಯು ಮೈಸೂರಿನ ಕಡೆಗೂ ಇನ್ನೊಬ್ಬನು ಪುಣೆ, ಮುಂಬಯಿಗಳ ಕಡೆಗೂ ಮತ್ತೊಬ್ಬನು ಮದರಾಸಿನ ಕಡೆಗೂ ಮುಖ ಮಾಡಿ ನಿಲ್ಲಬೇಕಾಗಿತ್ತು. ಮೂರು ಇಲಾಖೆಗಳು ಕೂಡುವ ಇಂಥ ಎಲ್ಲೆಯಲ್ಲಿ ಬಾಳಿದವರಿಗೆ ವಿದ್ಯೆಯ ಏಕೀಕರಣವೆಂದರೇನೆಂಬುದು ಬೆಂಗಳೂರಿನವರಿಗಿಂತ ಬೇಗನೆ ತಿಳಿಯುವುದೆಂದು ನಮ್ಮ ನಂಬುಗೆ.

ಇನ್ನು ವಿಷಯಕ್ಕೆ ಬರುವೆವು. ೧೯೧೩ರಲ್ಲಿ ಧಾರವಾಡದ ಒಬ್ಬ ತರುಣರು ಅಮೆರಿಕಕ್ಕೆ ಹೊರಟರು. ಅವರ ಹೆಸರು ನಾರಾಯಣ ಸುಬ್ಬರಾವ್ ಹರ್ಡೀಕರ. ೧೮೮೯ರಲ್ಲಿ ಹುಟ್ಟಿದ ಇವರು ಕಲಕತ್ತೆಯಲ್ಲಿ ವೈದ್ಯಶಾಸ್ತ್ರವನ್ನು ಕಲಿತು, ಅದು ಸಾಲದೆಂದು ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಸಾರ್ವಜನಿಕ ಆರೋಗ್ಯಶಾಸ್ತ್ರದಲ್ಲಿ ಎಂ.ಎಸ್‌ಸಿ. ಪದವಿಯನ್ನು ಪಡೆದರು. ಹಿಂದುಸ್ತಾನಿ ಸೇವಾದಳದ ಸ್ಥಾಪಕರೆಂದು ಹರ್ಡೀಕರರನ್ನು ನಾಡೆಲ್ಲ ಬಲ್ಲುದು. ಅವರು ಹಿಮದ ನಾಡಿನ ಒಂದು ಸಣ್ಣ ಊರಿನಲ್ಲಿ ವರ್ಷಗಟ್ಟಲೆ ವಿದ್ಯಾರ್ಥಿಯಾಗಿದ್ದುದನ್ನು ಬಲ್ಲವರು ಕಡಮೆ. ಬೆಳಗಾವಿ ಸೀಮೆಯ ವಾಮನ ರಾಮಚಂದ್ರ ಕೊಕಟನೂರರೂ ಅದೇ ಕಾಲದಲ್ಲಿ ಅಮೆರಿಕಕ್ಕೆ ತೆರಳಿ, ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದು ಅಲ್ಲಿಯೇ ನೆಲಸಿದರು.

ಆ ಕಾಲದಲ್ಲಿ ಸಮುದ್ರ ದಾಟಿ ಓದುವವರು ಸಾಮಾನ್ಯವಾಗಿ ಇಂಗ್ಲೆಂಡಿಗೆ ಹೋಗುತ್ತಿದ್ದರು. ಬ್ಯಾರಿಸ್ಟರನಾಗಿಯೋ ಸಿವಿಲ್ ಸರ್ವಿಸಿನ ಅಧಿಕಾರಿಯಾಗಿಯೋ ಮರಳುವುದು ಶ್ರೀಮಂತರ ಮಕ್ಕಳ ಹೆದ್ದಾರಿಯಾಗಿತ್ತು. ಅಮೆರಿಕದ ದಾರಿಯನ್ನು ಹಿಡಿದವರು ಬೇರೆ ಜಾತಿಯವರು. ದೊರೆಯ ದೇಶದಲ್ಲಿ ಕಲಿಯಲೊಲ್ಲೆವೆಂಬ ಹಟವುಳ್ಳವರು ಕೆಲವರು. ಕೈಗಾರಿಕೆ, ಒಕ್ಕಲುತನ, ವೈದ್ಯಗಳಂಥ ಉಪಯುಕ್ತ ವಿದ್ಯೆಯನ್ನು ಬಯಸಿದವರು ಕೆಲವರು. ಕೈಯಲ್ಲಿ ಕಾಸಿಲ್ಲದಿದ್ದರೂ ದುಡಿದು ಓದಬಹುದೆಂಬ ಸುದ್ದಿಯನ್ನು ಕೇಳಿ ಹೊರಟವರು ಹಲವರು. ೧೯೨೨ರಲ್ಲಿ ಅಲ್ಲಿಗೆ ಹೋದ ಜಯಪ್ರಕಾಶ ನಾರಾಯಣರು ದ್ರಾಕ್ಷಿಯ ತೋಟಗಳಲ್ಲಿ ಕೂಲಿ ಮಾಡಿ, ಹೋಟೆಲುಗಳಲ್ಲಿ ತಟ್ಟೆ ತೊಳೆದು ಓದಿದುದು ಪ್ರಸಿದ್ಧವಾಗಿಯೇ ಇದೆ.

ಆನ್ ಆರ್ಬರ್ ಎಂಬುದು ಡೆಟ್ರಾಯಿಟ್ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು ನಾಲ್ವತ್ತು ಮೈಲಿ ದೂರದಲ್ಲಿರುವ ಊರು. ಊರ ಮಗ್ಗುಲಲ್ಲಿ ಹ್ಯೂರಾನ್ ಎಂಬ ನದಿ. ಹೊನ್ನಾಳಿಯವರು ಈ ಮಾತನ್ನು ಕೇಳಿ ತಮ್ಮ ತುಂಗಭದ್ರೆಯನ್ನು ನೆನೆಯಬಾರದು. ತುಂಗಭದ್ರೆಯ ಮುಂದೆ ಹ್ಯೂರಾನು ಒಂದು ಹಳ್ಳ. ೧೮೧೭ರಲ್ಲಿ ಡೆಟ್ರಾಯಿಟಿನಲ್ಲಿ ಹುಟ್ಟಿದ ವಿದ್ಯಾಪೀಠವು ೧೮೩೭ರಲ್ಲಿ ಈ ಊರಿಗೆ ಬಂದುದು ಊರಿನವರು ನಾಲ್ವತ್ತು ಎಕರೆ ನೆಲವನ್ನು ಕೊಡಲು ಮುಂದೆ ಬಂದುದರಿಂದ. ೧೮೭೩ರಿಂದ ಆ ಸಂಸ್ಥಾನದ ಶಾಸನಸಭೆಯು ಆಸ್ತಿಯ ಮೇಲಿನ ತೆರಿಗೆಯಲ್ಲಿ ಒಂದು ಸಣ್ಣ ಅಂಶವನ್ನು ವಿದ್ಯಾಪೀಠಕ್ಕೆಂದೇ ಎತ್ತಿಟ್ಟಿತು. ಜೋಳ ಬೆಳೆಯುವ ರೈತನೂ ಮರ ಕಡಿಯುವವನೂ ಇದು ನಮ್ಮ ದುಡ್ಡಿನಿಂದ ನಡೆಯುವ ಶಾಲೆಯೆಂದು ಹೇಳಿಕೊಳ್ಳುವಂತಾಯಿತು. ೧೮೭೦ರಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶ ದೊರೆಯಿತು.

ತಮಗೆ ಆಶ್ಚರ್ಯವನ್ನುಂಟುಮಾಡುವ ಸಂಗತಿಯೊಂದಿದೆ. ಇಷ್ಟು ದೊಡ್ಡ ವಿದ್ಯಾಪೀಠದಲ್ಲಿ ಹರ್ಡೀಕರರು ಓದುತ್ತಿದ್ದ ಕಾಲಕ್ಕೆ ಗಂಡುಹುಡುಗರಿಗೆ ವಿದ್ಯಾಪೀಠದ ವಸತಿಗೃಹವೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಧ್ಯಕ್ಷರಾಗಿದ್ದ ಹೆನ್ರಿ ಟಾಪನ್ ಎಂಬವರು ಜರ್ಮನಿಯ ವಿದ್ಯಾಪೀಠಗಳ ಪದ್ಧತಿಯನ್ನು ಮೆಚ್ಚಿದವರು. ವಿದ್ಯಾರ್ಥಿಗಳು ಕಟ್ಟುಕಾವಲಿನಲ್ಲಿರಬಾರದು, ಊರಿನಲ್ಲಿ ಊರವರಂತೆ ಬಾಳಬೇಕೆಂದು ಇದ್ದ ಕೋಣೆಗಳನ್ನೂ ಪಾಠದ ಕೋಣೆಗಳನ್ನಾಗಿ ಮಾಡಿಬಿಟ್ಟರು. ಆದಕಾರಣ ಹುಡುಗರು ಊರಿನ ಮನೆಗಳಲ್ಲಿ ಬಾಡಿಗೆಯ ಕೋಣೆಗಳನ್ನು ಹಿಡಿಯುತ್ತಿದ್ದರು. ಎಷ್ಟೋ ವಿಧವೆಯರು ಈ ಬಾಡಿಗೆಯಿಂದ ಸಂಸಾರವನ್ನು ಸಾಗಿಸುತ್ತಿದ್ದರು. ಊಟವು ಬೇರೊಂದು ಮನೆಯಲ್ಲಿ. ಅಲ್ಲಿ ಇಪ್ಪತ್ತು ಮೂವತ್ತು ಮಂದಿ ಹುಡುಗರು ವಾರಕ್ಕಿಷ್ಟೆಂದು ಕೊಟ್ಟು ಉದ್ದನೆಯ ಮೇಜಿನ ಸುತ್ತ ಕುಳಿತು ಉಣ್ಣುತ್ತಿದ್ದರು. ಶಿವಮೊಗ್ಗೆಯಲ್ಲಿಯೋ ಧಾರವಾಡದಲ್ಲಿಯೋ ಓಣಿಯೊಳಗಣ ಕೋಣೆಯಲ್ಲಿ ಮೂವರು ನಾಲ್ವರು ಸೇರಿಕೊಂಡು ಓದಿದವರಿಗೆ ಈ ಚಿತ್ರವು ಅಪರಿಚಿತವಾಗಲಾರದು.

ಈಗ ಬಡ ವಿದ್ಯಾರ್ಥಿಯೊಬ್ಬನ ದಿನವನ್ನು ನೋಡೋಣ. ಚಳಿಗಾಲದಲ್ಲಿ ಆ ಊರು ತಿಂಗಳುಗಟ್ಟಲೆ ಹಿಮದಲ್ಲಿ ಹೂತಿರುವುದು. ಮನೆಯ ನೆಲಮಾಳಿಗೆಯಲ್ಲಿ ಕಲ್ಲಿದ್ದಲಿನ ದೊಡ್ಡ ಒಲೆ. ಅದರ ಬಿಸಿಗಾಳಿಯೇ ಕೋಣೆಗಳಿಗೆಲ್ಲ ಜೀವ. ನಸುಕಿನಲ್ಲೆದ್ದು ಆ ಒಲೆಯ ಬೂದಿ ತೆಗೆದು, ಇದ್ದಲು ಸುರಿದು ಉರಿಯೆಬ್ಬಿಸುವ ಕೆಲಸ ನಮ್ಮ ಹುಡುಗನದು. ಅದಕ್ಕೆ ಪ್ರತಿಯಾಗಿ ಕೋಣೆಯ ಬಾಡಿಗೆ ಮನ್ನಾ. ಬಾಗಿಲ ಮುಂದಿನ ಹಿಮವನ್ನು ಸಲಿಕೆಯಿಂದೆತ್ತಿ ದಾರಿ ಮಾಡಿ, ಮುಖ ತೊಳೆದು, ಊಟದ ಮನೆಗೆ ಓಡುವನು. ಅಲ್ಲಿ ಅವನು ಮೊದಲು ಉಣ್ಣುವವನಲ್ಲ, ಬಡಿಸುವವನು. ತನ್ನ ಸಹಪಾಠಿಗಳಿಗೆ ರೊಟ್ಟಿ, ಬೆಣ್ಣೆ, ಕಾಫಿಗಳನ್ನು ಬಡಿಸಿ, ಅವರ ತಟ್ಟೆಗಳನ್ನೆತ್ತಿ ತೊಳೆದಿಟ್ಟು, ತಾನು ಉಂಡು, ಗಂಟೆ ಬಾರಿಸುವಷ್ಟರಲ್ಲಿ ತರಗತಿಯಲ್ಲಿ ಹಾಜರು. ಮಧ್ಯಾಹ್ನಕ್ಕೂ ರಾತ್ರಿಗೂ ಇದೇ ಕ್ರಮ. ಈ ಸೇವೆಗೆ ಮೂರು ಹೊತ್ತಿನ ಊಟವೇ ಸಂಬಳ. ಬೇಸಗೆಯಲ್ಲಿ ಹುಲ್ಲು ಕತ್ತರಿಸುವುದು, ಕಿಟಕಿಯ ಗಾಜನ್ನೊರಸುವುದು, ರಜೆಯಲ್ಲಿ ತೋಟದ ಕೂಲಿ, ಪುಸ್ತಕಗಳ ಮಾರಾಟ. ಹೀಗೆ ಫೀಜಿನ ಹಣ ಕೂಡುವುದು. ತರಗತಿಯಲ್ಲಿ ಅವನ ಪಕ್ಕದಲ್ಲಿ ಕುಳಿತವನು ಬ್ಯಾಂಕಿನ ಯಜಮಾನನ ಮಗನಿರಬಹುದು; ಒಂದು ಗಂಟೆಯ ಹಿಂದೆ ಅವನ ತಟ್ಟೆಯನ್ನು ಇವನೇ ತೊಳೆದಿರಬಹುದು. ಇಬ್ಬರ ನಡುವೆ ಅಂತಸ್ತಿನ ಭೇದವೇ ಇರಲಿಲ್ಲವೆಂದು ನಾವು ಹೇಳಲಾರೆವು, ಮನುಷ್ಯಸ್ವಭಾವ ಎಲ್ಲೆಡೆಯೂ ಒಂದೇ. ಆದರೆ ತಟ್ಟೆ ತೊಳೆದವನೆಂಬ ಕಾರಣಕ್ಕೆ ಅವನ ಕುಲ ಕೆಡುತ್ತಿರಲಿಲ್ಲ; ಅವನ ತಂದೆಯು ಊರಲ್ಲಿ ತಲೆ ತಗ್ಗಿಸಬೇಕಾಗಿರಲಿಲ್ಲ.

ಅದೇ ಕಾಲದ ನಮ್ಮ ಹುಡುಗನನ್ನು ಈಗ ಕಣ್ಣ ಮುಂದೆ ತಂದುಕೊಳ್ಳಿರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಯಾವ ಊರಿಗೂ ಆಗ ರೈಲು ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಶಿವಮೊಗ್ಗೆಗೋ ದಾವಣಗೆರೆಗೋ ಬಂದು, ಅಲ್ಲಿಂದ ಬೆಂಗಳೂರು, ಮೈಸೂರುಗಳಿಗೆ ಹೋಗಬೇಕು. ಒಂದು ತಗಡಿನ ಪೆಟ್ಟಿಗೆ, ಒಂದು ಚಾಪೆ, ಅವ್ವ ಕಟ್ಟಿಕೊಟ್ಟ ಅವಲಕ್ಕಿ ಅಥವಾ ರೊಟ್ಟಿಯ ಗಂಟು. ಮೈಸೂರಿಗೆ ಬಂದ ಬ್ರಾಹ್ಮಣರ ಬಡ ಹುಡುಗನು ಮೊದಲು ಹುಡುಕುತ್ತಿದ್ದುದು ವಾರದ ಮನೆಗಳನ್ನು. ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ ಎಂದು ಏಳು ಮನೆ ಗೊತ್ತಾದರೆ ಅವನೇ ಭಾಗ್ಯಶಾಲಿ. ಐದೇ ಮನೆ ದೊರೆತರೆ ಉಳಿದೆರಡು ದಿನ ಕಡಲೆಪುರಿ, ನೀರು. ವಾರದ ಮನೆಯಲ್ಲಿ ಸೂತಕವೋ ಪ್ರಯಾಣವೋ ಒದಗಿದರೆ ಅಂದಿಗೆ ಉಪವಾಸ. ಆ ಮನೆಯ ಗೃಹಿಣಿಯು ಎಷ್ಟೇ ತಾಯಿಯಂಥವಳಾಗಿರಲಿ, ಹುಡುಗನ ಮನಸ್ಸಿನಲ್ಲಿ ಇನ್ನೊಬ್ಬರ ಮನೆಯ ಅನ್ನವೆಂಬ ಮುಳ್ಳು ಇದ್ದೇ ಇರುತ್ತಿತ್ತು. ಹಸಿವಿದ್ದರೂ ಮತ್ತೊಮ್ಮೆ ಬಡಿಸಿರೆಂದು ಕೇಳಲಾಗದೆ ಎದ್ದವರೆಷ್ಟು ಮಂದಿ!

ವಾರಾನ್ನವನ್ನು ಹಳಿಯುವ ಇಚ್ಛೆ ನಮಗಿಲ್ಲ. ಸರಕಾರವು ಕೈ ಹಿಡಿಯದಿದ್ದ ಕಾಲದಲ್ಲಿ, ತಾವೇ ಬಡವರಾದ ಗೃಹಸ್ಥರು ಇನ್ನೊಬ್ಬರ ಮಗನಿಗೆ ವಾರಕ್ಕೊಮ್ಮೆ ಎಲೆ ಹಾಕಿದುದು ಸಾಮಾನ್ಯವಾದ ಔದಾರ್ಯವಲ್ಲ. ಆದರೆ ಅದು ಒಂದು ಜಾತಿಯ ಹುಡುಗರಿಗೆ ಮಾತ್ರ ತೆರೆದಿದ್ದ ಬಾಗಿಲು. ಲಿಂಗಾಯತರ ಮಕ್ಕಳಿಗೆ ಮಠಗಳು ಆಶ್ರಯವಾದುವು. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರ ಪಟ್ಟಿ ಮಾಡಹೊರಟರೆ ಕರ್ನಾಟಕದ ಅರ್ಧ ಇತಿಹಾಸವೇ ಬಂದೀತು. ೧೯೦೬ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘವೂ ತನ್ನ ಮಕ್ಕಳ ವಿದ್ಯೆಗೆ ದುಡಿಯಿತು. ಯಾವ ಮನೆಯ ಹೊಸ್ತಿಲನ್ನೂ ಯಾವ ಮಠದ ಪಂಕ್ತಿಯನ್ನೂ ಮುಟ್ಟಲಾಗದಿದ್ದ ಕೇರಿಯ ಹುಡುಗರ ಪಾಡೇನು? ಅವರಿಗೆ ಬಹುಕಾಲ ವಾರವೂ ಇರಲಿಲ್ಲ, ನಿಲಯವೂ ಇರಲಿಲ್ಲ. ಜಾತಿಗೊಂದು ವಿದ್ಯಾರ್ಥಿನಿಲಯವಾದುದರಿಂದ ಮಕ್ಕಳು ಓದಿದರು ನಿಜ. ಹತ್ತು ವರ್ಷ ಒಂದೇ ಊರಿನಲ್ಲಿ ಓದಿದರೂ ಒಬ್ಬರ ಮನೆಯ ಊಟವನ್ನು ಇನ್ನೊಬ್ಬರು ಕಾಣದೆ ಪದವೀಧರರಾದರು ಎಂಬುದೂ ಅಷ್ಟೇ ನಿಜ.

ವಾರಾನ್ನದಲ್ಲಿಯೂ ಆನ್ ಆರ್ಬರಿನ ಮೇಜಿನಲ್ಲಿಯೂ ಬಡ ಹುಡುಗನಿಗೆ ಊಟ ದೊರೆಯುತ್ತಿತ್ತು. ಒಂದು ಕಡೆ ಅವನು ಋಣಿಯಾಗಿ ಎದ್ದನು, ಇನ್ನೊಂದು ಕಡೆ ಲೆಕ್ಕ ಚುಕ್ತಾ ಮಾಡಿ ಎದ್ದನು. ದುಡಿಮೆಯ ಗೌರವವನ್ನು ಅಮೆರಿಕದಿಂದ ಕಲಿಯಬೇಕೆಂದು ಕೆಲವರು ಉಪದೇಶಿಸುವುದುಂಟು. ಅಲ್ಲಮನು ಹುಟ್ಟಿದ ಬಳ್ಳಿಗಾವೆಯು ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇರುವಾಗ, ಕಾಯಕವೆಂಬ ಮಾತನ್ನು ಹನ್ನೆರಡನೆಯ ಶತಮಾನದಲ್ಲಿಯೇ ಪಡೆದ ನಾಡಿಗೆ ಆ ಉಪದೇಶ ಬೇಕೆ ಎಂದು ಕೇಳಬಹುದು. ಮಾತು ನಮ್ಮಲ್ಲಿತ್ತು, ನಡತೆ ಅವರಲ್ಲಿತ್ತು ಎಂದು ಒಪ್ಪಿಕೊಳ್ಳಬೇಕಾಗುವುದು. ಶರಣರ ಹೆಸರನ್ನು ಹೇಳಿ ಸಭೆ ಮಾಡುವ ನಾವು, ನಮ್ಮ ಮಗನು ಕಾಲೇಜಿನಲ್ಲಿರುವಾಗ ಇನ್ನೊಬ್ಬರ ಎಂಜಲು ತಟ್ಟೆಯನ್ನು ತೊಳೆದನೆಂದು ಕೇಳಿದರೆ ಮುಖವನ್ನು ಎಲ್ಲಿಟ್ಟುಕೊಳ್ಳುವೆವು?

ಪಾಠದ ರೀತಿಯನ್ನು ಕುರಿತು ಉಪಾಧ್ಯಾಯರಿಗಾಗಿ ಒಂದೆರಡು ಸಂಗತಿ. ನಮ್ಮ ಕಾಲೇಜುಗಳಲ್ಲಿ ಎರಡು ವರ್ಷ ಕೇಳಿದುದನ್ನೆಲ್ಲ ಕೊನೆಯ ಒಂದು ವಾರದ ಪರೀಕ್ಷೆಯಲ್ಲಿ ಕಕ್ಕಬೇಕಾಗಿದ್ದಾಗ, ಅಲ್ಲಿ ವರ್ಷಕ್ಕೆರಡು ಅವಧಿ. ಪ್ರತಿಯೊಂದು ವಿಷಯಕ್ಕೂ ಇಷ್ಟು ಗಂಟೆಗಳೆಂಬ ಲೆಕ್ಕ. ಅವಧಿಯ ನಡುನಡುವೆ ಮುನ್ಸೂಚನೆಯಿಲ್ಲದ ಸಣ್ಣ ಪರೀಕ್ಷೆಗಳು. ಪಾಠ ಹೇಳಿದವರೇ ಪರೀಕ್ಷಕರು. ವಿದ್ಯಾರ್ಥಿಯು ತನಗೆ ಬೇಕಾದ ಹಲವು ವಿಷಯಗಳನ್ನು ತಾನೇ ಆರಿಸಿಕೊಳ್ಳಬಹುದು. ವೈದ್ಯವನ್ನೋದುವವನು ಇತಿಹಾಸದ ಉಪನ್ಯಾಸವನ್ನು ಕೇಳಲು ಅಡ್ಡಿಯಿಲ್ಲ. ಮೇಲಿನ ತರಗತಿಗಳಲ್ಲಿ ಹತ್ತು ಹನ್ನೆರಡು ಮಂದಿ ಅಧ್ಯಾಪಕರೊಡನೆ ಒಂದೇ ಮೇಜಿನ ಸುತ್ತ ಕುಳಿತು, ಮೂಲ ಕಾಗದಪತ್ರಗಳನ್ನು ಓದಿ, ಪ್ರಬಂಧವನ್ನು ಮಂಡಿಸಿ ವಾದಿಸುವ ಪದ್ಧತಿ. ಅಮೆರಿಕದಲ್ಲಿ ಇತಿಹಾಸದ ಪಾಠಕ್ಕೆ ಈ ಪದ್ಧತಿಯನ್ನು ಮೊದಲು ತಂದವರಲ್ಲಿ ಮಿಶಿಗನ್ನಿನವರೂ ಸೇರಿದ್ದಾರೆ. ಆರೋಗ್ಯಶಾಸ್ತ್ರವನ್ನು ಅಲ್ಲಿ ಪುಸ್ತಕದಿಂದ ಬಾಯಿಪಾಠ ಮಾಡಿಸುತ್ತಿರಲಿಲ್ಲ. ವೈದ್ಯವಿಭಾಗದ ಮುಖ್ಯಸ್ಥರಾಗಿದ್ದ ವಿಕ್ಟರ್ ವಾನ್ ಅವರು ಆರೋಗ್ಯ ಪ್ರಯೋಗಶಾಲೆಯನ್ನು ಕಟ್ಟಿ ಬೆಳೆಸಿದವರು. ಊರಿನ ಕುಡಿಯುವ ನೀರೂ ಹಾಲೂ ಅಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಪಾಠವಾಗುತ್ತಿದ್ದುವು.

ಅಲ್ಲಿಯ ಹುಡುಗನಿಗೆ ಇದ್ದ ದೊಡ್ಡ ಅನುಕೂಲವನ್ನು ಅವನು ಸ್ವತಃ ಅರಿಯನು, ಮೀನಿಗೆ ನೀರಿನ ಅರಿವಿಲ್ಲದಂತೆ. ಅವನು ತಾಯಿಯೊಡನೆ ಆಡುವ ಭಾಷೆಯಲ್ಲಿಯೇ ಓದುತ್ತಿದ್ದನು. ಜಗಳೂರಿನ ಹುಡುಗನು ಗಣಿತದ ಒಂದು ಸಂಶಯವನ್ನು ಕೇಳಬೇಕಾದರೆ ಮೊದಲು ಇಂಗ್ಲಿಷಿನ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿ, ತಪ್ಪಾದರೆ ನಕ್ಕಾರೆಂದು ಹೆದರಿ, ಕೊನೆಗೆ ಕೇಳದೆಯೇ ಸುಮ್ಮನಾಗುವನು. ಮೈಸೂರು, ಮುಂಬಯಿ, ಮದರಾಸು ಮೂರು ಕಡೆಗಳಲ್ಲಿಯೂ ನಮ್ಮವರಿಗೆ ಸಮಾನವಾಗಿ ದೊರೆತ ಭಾಗ್ಯವೆಂದರೆ ಈ ಮೌನವೊಂದೇ. ಅದನ್ನು ಒಡೆಯಲು ವಿದ್ಯಾರ್ಥಿಗಳೂ ಎಳೆಯ ಅಧ್ಯಾಪಕರೂ ಮಾಡಿದ ಪ್ರಯತ್ನಗಳು ಸಣ್ಣವಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದವರು ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ೧೯೧೯ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದರು. ಆನ್ ಆರ್ಬರಿನ ವಿದ್ಯಾರ್ಥಿಗಳು ೧೮೯೦ರಿಂದಲೇ ತಮ್ಮದೇ ಪತ್ರಿಕೆಯಾದ ‘ಮಿಶಿಗನ್ ಡೈಲಿ’ಯನ್ನು ನಡೆಯಿಸುತ್ತಿದ್ದರು. ಅವರ ಪತ್ರಿಕೆಯಲ್ಲಿ ಆಟದ ಸುದ್ದಿ ಹೆಚ್ಚು, ನಮ್ಮದರಲ್ಲಿ ಪಾಂಡಿತ್ಯ ಹೆಚ್ಚು.

ಆಟದ ಮಾತು ಬಂದಿತು. ಅಮೆರಿಕದ ವಿದ್ಯಾರ್ಥಿಗಳಿಗೆ ಕಾಲ್ಚೆಂಡಿನ ಹುಚ್ಚು. ನಮ್ಮ ಜಾತ್ರೆಯ ತೇರಿಗೆ ಸೇರುವಂತೆ ಅಲ್ಲಿ ಆ ಪಂದ್ಯಕ್ಕೆ ಜನ ಸೇರುವರು. ಹೊಸದಾಗಿ ಬಂದ ಹುಡುಗರು ಆಗ ಒಂದು ಚಿಕ್ಕ ಟೊಪ್ಪಿಗೆಯನ್ನು ಹಾಕಿಕೊಳ್ಳಬೇಕಾಗಿತ್ತು. ವರ್ಷದ ಕೊನೆಯಲ್ಲಿ ದೊಡ್ಡ ಬೆಂಕಿ ಹಾಕಿ ಟೊಪ್ಪಿಗೆಗಳನ್ನೆಲ್ಲ ಅದರೊಳಗೆ ಎಸೆದು ಕುಣಿಯುತ್ತಿದ್ದರು. ಇನ್ನೊಂದು ಪದ್ಧತಿಯಂತೂ ನಮ್ಮ ಹಳ್ಳಿಯವರಿಗೆ ಬಹಳ ಹಿಡಿಸೀತು. ಹ್ಯೂರಾನ್ ನದಿಯ ಒಂದು ದಡದಲ್ಲಿ ಮೊದಲನೆಯ ವರ್ಷದವರು, ಇನ್ನೊಂದು ದಡದಲ್ಲಿ ಎರಡನೆಯ ವರ್ಷದವರು ನಿಂತು ಹಗ್ಗ ಜಗ್ಗುತ್ತಿದ್ದರು. ಸೋತವರು ಬಟ್ಟೆಬರೆ ಸಮೇತ ಹೊಳೆಗೆ ಬೀಳುತ್ತಿದ್ದರು. ಇಷ್ಟು ಹಣ, ಇಷ್ಟು ಹೊತ್ತು ಆಟಕ್ಕೆ ಸುರಿಯುವುದು ವಿದ್ಯಾಪೀಠಕ್ಕೆ ಶೋಭೆಯೇ ಎಂದು ಅಲ್ಲಿಯ ಅಧ್ಯಾಪಕರಲ್ಲಿಯೇ ಆಗ ವಾದವಿತ್ತು. ನಮಗಂತೂ ಆ ಕಾಲ್ಚೆಂಡಿನ ಹುಚ್ಚಿನಲ್ಲಿ ಅನುಕರಿಸತಕ್ಕದ್ದು ಕಾಣುವುದಿಲ್ಲ. ಹಗ್ಗ ಜಗ್ಗುವುದನ್ನು ಬೇಕಾದರೆ ಹೊನ್ನಾಳಿಯ ಹೊಳೆಯಲ್ಲಿ ಬೇಸಗೆಯಲ್ಲಿ ಆಡಬಹುದು.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಮರೆತು ಮಾತಾಡಿದರೆ ನಾವು ತಮಗೆ ವಂಚನೆ ಮಾಡಿದಂತಾಗುವುದು. ಅದೇ ಅಮೆರಿಕದಲ್ಲಿ ನೀಗ್ರೋ ಜನರೆಂದು ಆಗ ಕರೆಯಲ್ಪಡುತ್ತಿದ್ದ ಕಪ್ಪು ವಿದ್ಯಾರ್ಥಿಗೆ ಶ್ರೀಮಂತ ಹುಡುಗರ ಸಹವಾಸಗೃಹಗಳ ಬಾಗಿಲು ಮುಚ್ಚಿತ್ತು. ಅನೇಕ ಊರುಗಳಲ್ಲಿ ಕ್ಷೌರಿಕನು ಅವನ ತಲೆಯನ್ನು ಮುಟ್ಟುತ್ತಿರಲಿಲ್ಲ. ನಮ್ಮವರು ತಲೆಗೆ ರುಮಾಲು ಸುತ್ತಿದರೆ ಪೂರ್ವದೇಶದ ರಾಜಕುಮಾರರೆಂಬ ಕುತೂಹಲ, ತೆಗೆದರೆ ಕರಿಯರೆಂಬ ತಿರಸ್ಕಾರ! ಹೆಣ್ಣುಮಕ್ಕಳಿಗೆ ೧೮೭೦ರಲ್ಲಿ ಪ್ರವೇಶ ಕೊಟ್ಟ ಮಿಶಿಗನ್ನಿನಲ್ಲಿಯೇ ೧೯೧೯ರಲ್ಲಿ ತಲೆಯೆತ್ತಿದ ವಿದ್ಯಾರ್ಥಿಸಂಘದ ಭವನಕ್ಕೆ ಹೆಂಗಸರು ಮುಂಬಾಗಿಲಿನಿಂದ ಹೋಗುವಂತಿರಲಿಲ್ಲ, ಪಕ್ಕದ ಬಾಗಿಲೇ ಗತಿ; ಈ ಕಟ್ಟಳೆ ೧೯೫೦ರ ದಶಕದವರೆಗೂ ನಡೆಯಿತು. ೧೯೧೭ರಲ್ಲಿ ಏಷ್ಯದ ಬಹುಭಾಗದವರು ಬಂದು ನೆಲಸಕೂಡದೆಂದು ಕಾನೂನಾಯಿತು. ವಿದ್ಯಾರ್ಥಿಗಳಿಗೆ ಮಾತ್ರ ವಿನಾಯಿತಿ. ೧೯೨೩ರಲ್ಲಿ ಭಗತ್‌ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಹಿಂದುಸ್ತಾನದವರು ಪೌರತ್ವಕ್ಕೆ ಅರ್ಹರಾದ ಬಿಳಿಯರಲ್ಲವೆಂದು ಅಲ್ಲಿಯ ಅತ್ಯುಚ್ಚ ನ್ಯಾಯಾಲಯವು ತೀರ್ಪಿತ್ತಿತು. ಜಾತಿಯ ಕಟ್ಟು ನಮ್ಮಲ್ಲಿ ಮಾತ್ರವೇ ಇರುವುದೆಂದು ನಾಚಿಕೊಳ್ಳುವವರೂ, ಅವರಲ್ಲಿಯೂ ಇದೆ ಎಂದು ಸಮಾಧಾನಪಟ್ಟುಕೊಳ್ಳುವವರೂ ಈ ಸಂಗತಿಗಳನ್ನು ಗಮನಿಸಬೇಕು.

ಆದರೂ ಹರ್ಡೀಕರರು ಹೊರಟ ೧೯೧೩ರಲ್ಲಿಯೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದ ಇನ್ನೊಬ್ಬ ತರುಣರನ್ನು ನೆನೆಯದೆ ಮುಂದುವರಿಯಲಾಗದು. ಬರೋಡೆಯ ಗಾಯಕವಾಡ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಕೊಟ್ಟ ವಿದ್ಯಾರ್ಥಿವೇತನದಿಂದ ಹೋದ ಭೀಮರಾವ್ ಅಂಬೇಡಕರರು ಅವರು. ಹುಟ್ಟಿದ ನಾಡಿನ ಶಾಲೆಯಲ್ಲಿ ನೀರಿನ ಗಡಿಗೆಯನ್ನು ಮುಟ್ಟಗೊಡದವರ ನಡುವೆ ಬೆಳೆದು, ಕೊಲಂಬಿಯಾದ ಊಟದ ಮೇಜಿಗೂ ಪುಸ್ತಕ ಭಂಡಾರಕ್ಕೂ ಯಾರ ಅಡ್ಡಿಯೂ ಇಲ್ಲದೆ ಹೋಗಿಬರುವಂತಾದ ಆ ಅನುಭವವು ಅವರ ಮೇಲೆ ಎಂಥ ಪರಿಣಾಮವನ್ನು ಮಾಡಿತೆಂಬುದನ್ನು ನಮ್ಮ ದೇಶದ ರಾಜ್ಯಾಂಗವೇ ಹೇಳುತ್ತಿದೆ.

ವಿದ್ಯಾಪೀಠದಲ್ಲಿ ನಮ್ಮವರು ಪುಸ್ತಕದ ಹುಳುಗಳಾಗಿ ಕುಳಿತಿರಲಿಲ್ಲ. ಅಮೆರಿಕದ ಅನೇಕ ವಿದ್ಯಾಪೀಠಗಳಲ್ಲಿ ಹಿಂದುಸ್ತಾನಿ ವಿದ್ಯಾರ್ಥಿಗಳ ಸಂಘಗಳಿದ್ದುವು. ಬಂಗಾಲಿ, ಪಂಜಾಬಿ, ಮರಾಠಿ, ಕನ್ನಡಿಗರೆಂಬ ಭೇದವಿಲ್ಲದೆ ಒಂದೆಡೆ ಕೂಡುತ್ತಿದ್ದರು. ಹರ್ಡೀಕರರು ಇಂಥ ಸಂಘದ ಮುಂದಾಳಾಗಿದ್ದರು. ೧೯೧೪ರಲ್ಲಿ ಅಮೆರಿಕಕ್ಕೆ ಬಂದ ಲಾಲಾ ಲಜಪತರಾಯರು ೧೯೧೭ರಲ್ಲಿ ನ್ಯೂಯಾರ್ಕಿನಲ್ಲಿ ಹಿಂದುಸ್ತಾನದ ಸ್ವರಾಜ್ಯಕ್ಕಾಗಿ ಹೋಮ್ ರೂಲ್ ಲೀಗನ್ನು ಸ್ಥಾಪಿಸಿ, ೧೯೧೮ರಲ್ಲಿ ‘ಯಂಗ್ ಇಂಡಿಯಾ’ ಎಂಬ ಪತ್ರಿಕೆಯನ್ನು ಹೊರಡಿಸಿದಾಗ ಹರ್ಡೀಕರರು ಅವರ ಬಲಗೈಯಾದರು. ಊರೂರು ತಿರುಗಿ ಭಾಷಣ ಮಾಡಿದರು, ಚಂದಾದಾರರನ್ನು ಕೂಡಿಸಿದರು. ಪದವಿ ಪಡೆದೊಡನೆ ಊರಿಗೆ ಮರಳಿ ವೈದ್ಯವೃತ್ತಿಯಿಂದ ಹಣ ಗಳಿಸಬಹುದಾಗಿದ್ದ ವರ್ಷಗಳನ್ನು ಅವರು ಹೀಗೆ ಕಳೆದರು.

೧೯೨೧ರಲ್ಲಿ ಅವರು ಹಿಂದಿರುಗಿದರು. ೧೯೨೩ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ತಮ್ಮ ಸ್ವಯಂಸೇವಕರೊಡನೆ ಸೆರೆಮನೆಗೆ ಹೋದರು. ಕ್ಷಮೆ ಕೇಳಿ ಹೊರಬಂದವರಿದ್ದರು. ಹುಬ್ಬಳ್ಳಿಯ ತಂಡದವರು ಕೇಳಲಿಲ್ಲ. ಶಿಸ್ತಿಲ್ಲದ ಉತ್ಸಾಹವು ಸೆರೆಮನೆಯ ಮೊದಲ ವಾರದಲ್ಲಿಯೇ ಕರಗುವುದೆಂಬುದು ಆ ಪ್ರಸಂಗದಿಂದ ಎಲ್ಲರ ಕಣ್ಣಿಗೂ ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ಸಿನ ಸಮಯದಲ್ಲಿ ಹಿಂದುಸ್ತಾನಿ ಸೇವಾದಳವು ಹುಟ್ಟಿತು. ಹುಬ್ಬಳ್ಳಿಯು ಅದರ ಕೇಂದ್ರವಾಯಿತು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಆ ಒಂದೇ ಅಧಿವೇಶನದಲ್ಲಿ, ಹರ್ಡೀಕರರ ಸ್ವಯಂಸೇವಕರೂ ಉಮಾಬಾಯಿ ಕುಂದಾಪುರ ಅವರ ನೇತೃತ್ವದ ಸ್ವಯಂಸೇವಕಿಯರೂ ದುಡಿದರು. ಅಡಿಗೆ, ನೀರು, ಕಸ, ಕಕ್ಕಸು, ಕಾವಲು ಎಲ್ಲವೂ ವಿದ್ಯಾವಂತ ತರುಣರ ಕೈಯಲ್ಲಿ. ಕಸಬರಿಗೆಯನ್ನು ಹಿಡಿದು ನಿಂತ ಆ ಪದವೀಧರರನ್ನು ನೆನೆದಾಗಲೆಲ್ಲ ನಮಗೆ ಆನ್ ಆರ್ಬರಿನ ಊಟದ ಮನೆಯೂ ನೆನಪಾಗುವುದು. ಮುಂದೆ ಘಟಪ್ರಭೆಯಲ್ಲಿ ಗೆಳೆಯರೊಡನೆ ಕೂಡಿ ಕಟ್ಟಿದ ಆರೋಗ್ಯಧಾಮದಲ್ಲಿ ಅವರ ಆರೋಗ್ಯಶಾಸ್ತ್ರವೂ ನಾಡಿಗೆ ಒದಗಿತು. ೧೯೭೫ರಲ್ಲಿ ಅವರು ತೀರಿಕೊಂಡರು.

ಅದೇ ಬೆಳಗಾವಿಯಲ್ಲಿ ಅದೇ ೧೯೨೪ರಲ್ಲಿ ಕರ್ನಾಟಕ ಏಕೀಕರಣದ ಮೊದಲನೆಯ ಪರಿಷತ್ತೂ ಸೇರಿದುದನ್ನು ತಾವು ಬಲ್ಲಿರಿ. ನಾವು ಮೊದಲು ಹೇಳಿದ ಮೂವರು ಹುಡುಗರ ಕಡೆಗೆ ಈಗ ತಿರುಗೋಣ. ೧೯೧೬ರವರೆಗೆ ಮೈಸೂರಿನ ಕಾಲೇಜುಗಳೂ ಮದರಾಸು ವಿಶ್ವವಿದ್ಯಾಲಯಕ್ಕೇ ಅಧೀನವಾಗಿದ್ದುವು. ಆ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಮೈಸೂರು ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಹೊನ್ನಾಳಿಯ ಹುಡುಗನಿಗೆ ಮನೆಯ ವಿದ್ಯಾಪೀಠವೊಂದಾಯಿತು. ಎಲ್ಲೆಯಾಚೆಯ ರಾಣೇಬೆನ್ನೂರಿನ ಹುಡುಗನಿಗೆ ಧಾರವಾಡದಲ್ಲಿ ಕರ್ನಾಟಕ ಕಾಲೇಜು ೧೯೧೭ರಲ್ಲಿ ದೊರೆಯಿತು, ಅದಕ್ಕೆ ಮೊದಲು ಪುಣೆಯೇ ಗತಿ. ಕಾಲೇಜು ಬಂದ ಮೇಲೂ ಪರೀಕ್ಷೆಯು ಮುಂಬಯಿಯದೇ. ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾದುದು ೧೯೪೯ರಲ್ಲಿ. ಅದರ ಕಚೇರಿಯೂ ಮೊದಲು ಮುಂಬಯಿಯಲ್ಲಿದ್ದು ಮರುವರ್ಷ ಧಾರವಾಡಕ್ಕೆ ಬಂದಿತು! ಕೂಡ್ಲಿಗಿಯ ಹುಡುಗನು ಅನಂತಪುರದ ಕಾಲೇಜಿನಲ್ಲಿ ತೆಲುಗರ ನಡುವೆ ಕುಳಿತು ಮದರಾಸಿನ ಪರೀಕ್ಷೆಗೆ ಓದಬೇಕಾಗಿತ್ತು. ಮಿಶಿಗನ್ನಿನ ರೈತನು ಹೇಳಿಕೊಳ್ಳುತ್ತಿದ್ದಂತೆ, ಇದು ನನ್ನ ತೆರಿಗೆಯಿಂದ ನನ್ನ ಭಾಷೆಯವರಿಗಾಗಿ ನಡೆಯುವ ವಿದ್ಯಾಪೀಠವೆಂದು ಈ ಮೂವರ ತಂದೆಯರೂ ಏಕಕಂಠದಿಂದ ಹೇಳಬಲ್ಲ ಮನೆ ಎಲ್ಲಿಯೂ ಇರಲಿಲ್ಲ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದುವು. ೧೯೫೬ರ ನವೆಂಬರ್ ೧ರಂದು ಎಲ್ಲೆಗಳು ಅಳಿಸಿದುವು. ಕಾಸರಗೋಡಿನ ಹುಡುಗನು ಮಾತ್ರ ಹೊರಗುಳಿದನು.

ಇಂದು ಈ ನಾಲ್ಕು ತಾಲ್ಲೂಕುಗಳೂ ೧೯೯೭ರಲ್ಲಿ ಉದಯಿಸಿದ ದಾವಣಗೆರೆ ಜಿಲ್ಲೆಯಲ್ಲಿವೆ. ಶಂಕರಘಟ್ಟದಲ್ಲಿ ೧೯೮೭ರಿಂದ ಕುವೆಂಪು ವಿಶ್ವವಿದ್ಯಾಲಯ, ತೋಳಹುಣಸೆಯ ಬಳಿ ೨೦೦೯ರಿಂದ ದಾವಣಗೆರೆ ವಿಶ್ವವಿದ್ಯಾಲಯ. ಮನೆಯ ಬಾಗಿಲಿಗೇ ಎರಡು ವಿದ್ಯಾಪೀಠಗಳು. ವಾರಾನ್ನವು ಹೋಯಿತು, ಸರಕಾರದ ವಿದ್ಯಾರ್ಥಿನಿಲಯಗಳು ಬಂದುವು. ಅವುಗಳಲ್ಲಿ ಎಡೆ ದೊರೆಯದ ಹುಡುಗ ಹುಡುಗಿಯರು ಜಗಳೂರಿನ ಬೆದ್ದಲು ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಹೋಗುತ್ತಾರೆ. ಸಂಜೆಯ ಬಸ್ಸು ತಪ್ಪೀತೆಂದು ಕೊನೆಯ ಪಾಠವನ್ನು ಬಿಟ್ಟು ಓಡುವವರನ್ನು ತಾವು ಕಂಡಿರಬಹುದು. ಅವರಿಗಾಗಿ ತಮ್ಮೆದುರಿಗೆ ನಮ್ಮ ಎರಡು ಬೇಡಿಕೆಗಳನ್ನಿಡುವೆವು. ತಾಲ್ಲೂಕು ಕೇಂದ್ರದ ಪುಸ್ತಕ ಭಂಡಾರವು ರಾತ್ರಿ ಹತ್ತು ಗಂಟೆಯವರೆಗೆ ತೆರೆದಿರಲಿ, ಅದನ್ನು ನೋಡಿಕೊಳ್ಳುವ ಕೆಲಸವನ್ನು ಓದುವ ಹುಡುಗರಿಗೇ ಸಂಬಳವಿತ್ತು ಕೊಡಿಸಿರಿ. ಊರಿನ ಅಂಗಡಿಕಾರರೂ ಅಡಕೆಯ ವರ್ತಕರೂ ಸಹಕಾರ ಸಂಘದವರೂ ಸಂಜೆಯ ಮೂರು ಗಂಟೆಯ ಲೆಕ್ಕಪತ್ರದ ಕೆಲಸಕ್ಕೆ ಒಬ್ಬೊಬ್ಬ ವಿದ್ಯಾರ್ಥಿಯನ್ನು ಇಟ್ಟುಕೊಳ್ಳಲಿ. ಅವನನ್ನು ದಯೆಯಿಂದ ಇಟ್ಟುಕೊಂಡೆವೆಂದು ಊರಿಗೆಲ್ಲ ಸಾರದೆ, ತಿಂಗಳ ಮೊದಲನೆಯ ದಿನ ಸಂಬಳವನ್ನು ಕೈಗಿಡಲಿ. ಹೊನ್ನಾಳಿಯ ಉಪಾಧ್ಯಾಯರು ಈ ಕೆಲಸಕ್ಕೆ ಒಂದು ಸಮಿತಿಯನ್ನು ಮಾಡುವುದಾದರೆ, ಮೊದಲನೆಯ ವರ್ಷದ ಹುಡುಗರ ಹೆಸರುಗಳನ್ನು ಈ ಸಭೆ ಮುಗಿದ ಕೂಡಲೇ ಬರೆದುಕೊಳ್ಳಲು ನಾವು ಸಿದ್ಧರಾಗಿರುವೆವು.